ಎರಡು ಸಲ ಓದಿದ ಕಾಗದ

1936ರ ಡಿಸೆಂಬರ್ ಮೂರು, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅಂಚೆಯವನು ವಠಾರದ ಹೆಬ್ಬಾಗಿಲಲ್ಲಿ ನಿಂತು ಡ್ವೋಶಾಳ ಹೆಸರು ಕೂಗಿದ. ಹೊತ್ತು ಅವಳಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಒಲೆಯ ಮೇಲೆ ಮೊಟ್ಟೆ ಬೇಯಲಿಟ್ಟು ಗಡಿಯಾರ ನೋಡುತ್ತ ನಿಂತಿದ್ದಳು. ಬ್ಯೂನಸ್ ಐರಿಸ್‌ನಲ್ಲಿ ಅದು ಬೇಸಿಗೆಯ ಮೊದಲ ವಾರ. ಅಂಗಳದ ಕಲ್ಲುಹಾಸು ಬರಿಗಾಲಲ್ಲಿ ತುಳಿಯಲಾರದಷ್ಟು ಕಾದಿತ್ತು.

ಪೋಲೆಂಡಿನ ಅಂಚೆಚೀಟಿ. ಆದರೆ ವಿಳಾಸ ಬರೆದದ್ದು ಮೈದುನ ಶಿಮ್ಶನ್ ಅಲ್ಲ, ಅವನ ಹೆಂಡತಿ ಗೆನ್ಯಾ. ಅವರು ಈ ದೇಶಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಡ್ವೋಶಾ ಒಳಗೆ ಬಂದು ಮೊದಲು ಒಲೆ ಆರಿಸಿದಳು, ಆಮೇಲೆ ಲಕೋಟೆ ಒಡೆದಳು.

ಎರಡು ಹಾಳೆ. ಮೊದಲನೆಯದರಲ್ಲಿ ಗೆನ್ಯಾ ಬರೆದಿದ್ದಳು: ನವೆಂಬರ್ ಹತ್ತು, ಮಂಗಳವಾರ ಬೆಳಗಿನ ಜಾವ, ಜಿಲ್ಲಾ ಆಸ್ಪತ್ರೆಯಲ್ಲಿ ಶಿಮ್ಶನ್ ತೀರಿಕೊಂಡ. ನ್ಯುಮೋನಿಯಾ. ಒಂಬತ್ತು ದಿನ ನರಳಿದ. ಎರಡನೆಯದರಲ್ಲಿ ಮಿಕ್ಕ ಸಂಗತಿ: ಹಿಮ ಬಿದ್ದು ರಸ್ತೆ ಮುಚ್ಚಿತ್ತು, ಗಾಡಿ ಸಿಗಲಿಲ್ಲ, ಶುಕ್ರವಾರವಷ್ಟೇ ಊರಿಗೆ ತಂದು ಮಣ್ಣು ಮಾಡಿದೆವು, ಮಗುವಿಗೆ ಇನ್ನೂ ಹೇಳಿಲ್ಲ.

ಡ್ವೋಶಾ ಹಾಳೆಗಳನ್ನು ಮಡಿಸಿ ಹಿಟ್ಟಿನ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು. 

ಅವಳ ಗಂಡ ಬೆರಿಶ್ ಹೊಲಿಗೆ ಕಾರ್ಖಾನೆಯಲ್ಲಿ ಕೋಟುಗಳಿಗೆ ಇಸ್ತ್ರಿ ಹಾಕುವವನು. ದಿನಕ್ಕೆ ಹತ್ತು ಗಂಟೆ, ಏಳು ಕಿಲೋ ತೂಕದ ಇಸ್ತ್ರಿಪೆಟ್ಟಿಗೆ. ಮನೆಗೆ ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ವಾರಗಟ್ಟಲೆ ಮಾತಿಲ್ಲ. ಪೋಲೆಂಡಿನ ಅದೇ ಊರಿನಿಂದ ಬಂದವರು ಕಟ್ಟಿದ ವಾಚನಾಲಯದ ನಾಟಕ ಸಂಘದಲ್ಲಿ ಅವನಿಗೊಂದು ಪಾತ್ರ ಸಿಕ್ಕಿತೆಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ಉಣ್ಣುವಾಗ ಹಾಡುತ್ತಿದ್ದ, ಹದಿಮೂರು ವರ್ಷದ ಮಗಳು ಪೆರ್ಲಾಳನ್ನು ರೇಗಿಸುತ್ತಿದ್ದ, ಹೆಂಡತಿಯ ಸೊಂಟ ಹಿಡಿದು ಅಡುಗೆಮನೆಯಲ್ಲೇ ಕುಣಿಸುತ್ತಿದ್ದ. ಈ ಸಲ ಸಿಕ್ಕಿದ್ದು ಮುಖ್ಯ ಪಾತ್ರ: ಮೂವರು ಹೆಣ್ಣುಮಕ್ಕಳ ಮದುವೆ ಮಾಡಲು ಹೊರಟ ಹೆಂಡದಂಗಡಿ ಯಜಮಾನ. ಐದು ತಿಂಗಳ ತಾಲೀಮು ಮುಗಿದಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ನಾಟಕ.

ಬೆರಿಶ್‌ಗೆ ಓದು ಬರುತ್ತಿರಲಿಲ್ಲ. ಏಳನೇ ವಯಸ್ಸಿಗೆ ಚರ್ಮ ಹದಮಾಡುವವರ ಬಳಿ ಕೆಲಸಕ್ಕೆ ಬಿಟ್ಟಿದ್ದರು. ಇದು ಸಂಘದಲ್ಲಿ ಒಬ್ಬರಿಗೂ ತಿಳಿಯದು. ತಾಲೀಮಿನಲ್ಲಿ ಪುಸ್ತಕ ತೆರೆದು ಹಿಡಿದು, ಸರಿಯಾದ ಜಾಗದಲ್ಲಿ ಪುಟ ಕೂಡ ತಿರುವುತ್ತಿದ್ದ. ಪಾತ್ರವನ್ನು ಮನೆಯಲ್ಲಿ ಡ್ವೋಶಾ ಓದಿ ಹೇಳಬೇಕು, ಅವನು ಕಣ್ಣು ಮುಚ್ಚಿ ಕೇಳಬೇಕು. ಎರಡು ಸಲ ಕೇಳಿದರೆ ಸಾಕು, ಕೆತ್ತಿಟ್ಟ ಹಾಗೆ ನಿಲ್ಲುತ್ತಿತ್ತು. ನಾಟಕದ ದಿನ, ನಟರು ಮರೆತ ಮಾತನ್ನು ಮೆಲ್ಲಗೆ ಹೇಳಿಕೊಡುವ ಪ್ರಾಂಪ್ಟರ್ ಆಗಿ ವೇದಿಕೆಯ ಕೆಳಗಿನ ಪೆಟ್ಟಿಗೆಯಲ್ಲಿ ಕೂರುವವಳೂ ಅವಳೇ. ಊರಿನಿಂದ ಬಂದ ಕಾಗದ, ಮನೆ ಬಾಡಿಗೆಯ ಕರಾರು, ಔಷಧಿಯ ಚೀಟಿ, ಪತ್ರಿಕೆಯ ಸುದ್ದಿ, ಎಲ್ಲವೂ ಅವನಿಗೆ ಸೇರುತ್ತಿದ್ದದ್ದು ಅವಳ ಬಾಯಿಂದ. ಮದುವೆಯಾದ ವರ್ಷ ಅವನು ಒಂದೇ ಒಂದು ಮಾತು ಹೇಳಿದ್ದ: "ಒಂದಕ್ಷರ ಹೆಚ್ಚು ಕಮ್ಮಿ ಓದ್ಬೇಡ. ಕೆಟ್ಟದಿದ್ರೂ ಓದು." ಅವಳು ಹಾಗೇ ನಡೆದುಕೊಂಡು ಬಂದಿದ್ದಳು.

ಮೂರೂವರೆಗೆ ಔಷಧಿ ಅಂಗಡಿಯ ಲೇಮೆಲ್ ಬಂದರು. ಸಂಘದ ಕಾರ್ಯದರ್ಶಿ ಅವರೇ. ಎಲ್ಲರೂ ಮರ್ಯಾದೆಗೆ ಡಾನ್ ಲೇಮೆಲ್ ಎನ್ನುತ್ತಿದ್ದರು. ಜೊತೆಗೆ ರೆಬ್ ಯೋನಾ, ಹಿಂದೆ ಊರಿನ ಯಹೂದಿ ಪ್ರಾರ್ಥನಾ ಮಂದಿರ ನೋಡಿಕೊಳ್ಳುತ್ತಿದ್ದ ಮುದುಕ, ಈಗ ಸಂಘದ ಪರದೆಗಳಿಗೆ ಬಣ್ಣ ಬಳಿಯುವವರು. ಒಂದೇ ಹಡಗಿನಲ್ಲಿ ಬಂದ ಅಂಚೆ, ಒಂದೇ ಊರು. ಆ ದಿನ ಬೀದಿಯಲ್ಲಿ ಆರು ಮನೆಗೆ ಅದೇ ಸುದ್ದಿ ಬಂದಿತ್ತು.

"ಅವನು ನೋಡಿದ್ನಾ?" ಎಂದರು ಡಾನ್ ಲೇಮೆಲ್, ಬಾಗಿಲಲ್ಲೇ ನಿಂತು.

"ಇಲ್ಲ. ಕೆಲಸದಲ್ಲಿದ್ದಾನೆ."

"ದೇವರು ದೊಡ್ಡವನು. ಬಚ್ಚಿಡಮ್ಮ. ಭಾನುವಾರ ಕಳೀಲಿ."

ಡ್ವೋಶಾ ಮುದುಕನ ಮುಖ ನೋಡಿದಳು. "ರೆಬ್ ಯೋನಾ, ಒಡಹುಟ್ಟಿದ ತಮ್ಮ. ಇದು ಸರಿನಾ?"

ರೆಬ್ ಯೋನಾ ಕುರ್ಚಿ ಎಳೆದುಕೊಂಡು ಕೂತರು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ. "ಗೊತ್ತಿಲ್ಲದವನು ದುಃಖಕ್ಕೆ ಕೂರಬೇಕಾಗಿಲ್ಲ. ಗೊತ್ತಿರೋರು ಅವನಿಗೆ ಹೇಳಲೇಬೇಕು ಅಂತಲೂ ಇಲ್ಲ. ಅವನನ್ನ ಮದುವೆ ಊಟಕ್ಕೆ ಕರೀಬಹುದು ಅಂತ ಶಾಸ್ತ್ರದಲ್ಲೇ ಬರ್ದಿದೆ. ಆದ್ರೆ ಒಂದು ಮಾತು. ಅವನೇ ಬಾಯಿಬಿಟ್ಟು ಕೇಳಿದ್ರೆ, ಇದ್ದಾನೆ ಅಂತ ಸುಳ್ಳು ಹೇಳೋ ಹಾಗಿಲ್ಲ."

"ಕೇಳೋಕೆ ಅವನಿಗೇನು ಕನಸು ಬೀಳುತ್ತಾ?" ಎಂದರು ಡಾನ್ ಲೇಮೆಲ್. "ಇವತ್ತು ಹೇಳಿದ್ರೆ ಏಳು ದಿನ ನೆಲ ಬಿಟ್ಟು ಏಳೋ ಹಾಗಿಲ್ಲ, ಒಂದು ತಿಂಗಳು ಹಾಡು-ಕುಣಿತ ಇಲ್ಲ. ಜನವರಿಗೆ ಹಾಲ್ ಬೇರೆಯವರದ್ದು. ಬೆರಿಶ್ ಪಾತ್ರ ಇನ್ಯಾರು ಮಾಡ್ತಾರೆ, ನಾನಾ? ಈ ಹೊಟ್ಟೆ ಇಟ್ಕೊಂಡು?"

"ಆಮೇಲೆ ಯಾವಾಗ ಹೇಳ್ಲಿ?"

"ಮೂವತ್ತು ದಿನ ದಾಟಿದ ಮೇಲೆ ಸುದ್ದಿ ಬಂದ್ರೆ ಏಳು ದಿನ ಇಲ್ಲ," ಎಂದರು ರೆಬ್ ಯೋನಾ. "ಒಂದು ಗಂಟೆ ಕೂತ್ರೆ ಮುಗೀತು. ಅವನಿಗೂ ಕೂಲಿ ತಪ್ಪಲ್ಲ. ಮೂವತ್ತು ದಾಟ್ಲಿ, ಹೇಳು."

ಹೇಳುವುದು ಬೇಡ ಎನ್ನುವುದು ಸುಲಭ. ಆದರೆ ಆ ಮನೆಯಲ್ಲಿ ಕಾಗದವೊಂದು ಬಂದರೆ ಸುಮ್ಮನಿರಲು ಆಗುವುದಿಲ್ಲ, ಅದನ್ನು ಗಟ್ಟಿಯಾಗಿ ಓದಬೇಕು. ರೆಬ್ ಯೋನಾ ಕೊಟ್ಟ ಅನುಮತಿ ಬಾಯಿ ಮುಚ್ಚಿಕೊಂಡಿರುವವರಿಗೆ. ಅದನ್ನು ಅವರಿಗೆ ವಿವರಿಸಿ ಹೇಳಬೇಕೆಂದರೆ ಗಂಡನಿಗೆ ಓದು ಬಾರದೆಂಬುದನ್ನು ಬಾಯಿಬಿಡಬೇಕಿತ್ತು. ಡ್ವೋಶಾ ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟಳು. ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ಎಣಿಸಿದಳು. ಹತ್ತನೇ ನವೆಂಬರಿಗೆ ಒಂದು. ಡಿಸೆಂಬರ್ ಒಂಬತ್ತಕ್ಕೆ ಮೂವತ್ತು. ಹತ್ತನೇ ತಾರೀಖು, ಗುರುವಾರ, ಹೇಳಬಹುದು. ಇನ್ನು ಏಳು ದಿನ.

ಏಳು ಗಂಟೆಗೆ ಬೆರಿಶ್ ಬಂದ. ಇನ್ನೂ ಬಿಸಿಲಿತ್ತು. ಟೋಪಿ ತೆಗೆಯುವ ಮೊದಲೇ ಕೇಳಿದ: "ಎಲ್ಲೇ ಕಾಗದ? ಬಾಗಿಲಲ್ಲಿ ಪಕ್ಕದ ಮನೆ ಡೋನ್ಯಾ ಕಾರ್ಮೆನ್ ಹೇಳಿದ್ಲು, ಪೋಲೆಂಡಿಂದ ಬಂದಿದೆಯಂತೆ."

ವಠಾರದಲ್ಲಿ ಹದಿನಾಲ್ಕು ಸಂಸಾರ, ಒಂದೇ ಹೆಬ್ಬಾಗಿಲು. ಬಚ್ಚಿಡುವ ಉಪಾಯ ಅಲ್ಲಿಗೇ ಮುಗಿಯಿತು. ಡ್ವೋಶಾ ಡಬ್ಬ ತೆಗೆದು, ಹಾಳೆಗಳ ಮೇಲಿನ ಹಿಟ್ಟು ಕೊಡವಿ, ಕುರ್ಚಿಯಲ್ಲಿ ಕೂತಳು.

"ಹಿಟ್ಟಿನ ಡಬ್ಬದಲ್ಲಿ ಯಾಕಿಟ್ಟೆ?"

"ನೊಣ."

ಅವನು ನಕ್ಕ. ಚಹಾ ಲೋಟ ಹಿಡಿದು ಕಣ್ಣು ಮುಚ್ಚಿದ. ಅವಳ ಮುಂದೆ ಗೆನ್ಯಾಳ ಅಕ್ಷರ. ಅವಳ ಬಾಯಿಂದ ಬರಬೇಕಾದದ್ದು ಬೇರೆ. ಮದುವೆಯಾದಾಗಿನಿಂದ ಬೇರೆಯವರ ಮಾತನ್ನೇ ಹೇಳಿಕೊಟ್ಟ ಹೆಂಗಸು ಮೊದಲ ಸಲ ತನ್ನದೇ ಮಾತು ಕಟ್ಟಿದಳು.

"ಪ್ರೀತಿಯ ಭಾವ, ಅಕ್ಕ, ಪೆರ್ಲಾ. ಈ ಸಲ ನಾನು ಬರೀತಿದ್ದೀನಿ. ಹಿಮ ಬೇಗ ಬಿತ್ತು. ಆಲೂಗಡ್ಡೆ ಎರಡು ಚೀಲ ನೆಲಮಾಳಿಗೆಗೆ ಹಾಕಿದ್ವಿ. ಹಸು ಹಾಲು ಕಮ್ಮಿ ಮಾಡಿದೆ. ಮಗುವಿಗೆ ಎರಡು ಹಲ್ಲು ಬಿದ್ದಿದೆ. ಮಾರುಕಟ್ಟೆಯಲ್ಲಿ ನಮ್ಮೋರ ಅಂಗಡಿಗೆ ಗಿರಾಕಿ ಬರ್ತಿಲ್ಲ..."

"ಶಿಮ್ಶನ್ ಹೇಗಿದ್ದಾನಂತೆ?"

"ತಡಿ, ಓದ್ತಿದ್ದೀನಲ್ಲ."

"ಅವಳು ಆಲೂಗಡ್ಡೆ ವಿಷಯ ಬರೀತಾಳೆ, ಗಂಡನ ವಿಷಯ ಬರಿಯಲ್ಲ. ಮದುವೆಯಾಗಿ ಹತ್ತು ವರ್ಷ ಆಯ್ತಲ್ಲ," ಎಂದು ಅವನೇ ನಕ್ಕ. ಅವಳೂ ನಕ್ಕಳು. ಆ ನಗು ಅವಳಿಗೆ ಸಲೀಸಾಗಿ ಬಂತು. ಅದಕ್ಕೆ ಅವಳಿಗೆ ಭಯವಾಯಿತು.

ಬೆರಿಶ್ ಲೋಟ ಕೆಳಗಿಟ್ಟ. "ಇನ್ನೊಂದ್ಸಲ."

ಕಾಗದವನ್ನು ಅವನು ಯಾವಾಗಲೂ ಎರಡು ಸಲ ಓದಿಸುತ್ತಿದ್ದ. ಅದು ಅವಳಿಗೆ ಮರೆತೇ ಹೋಗಿತ್ತು.

ಅವಳು ಮತ್ತೆ ಶುರುಮಾಡಿದಳು. ಪ್ರೀತಿಯ ಭಾವ, ಅಕ್ಕ, ಪೆರ್ಲಾ. ಹಿಮ. ಆಲೂಗಡ್ಡೆ ಮೂರು ಚೀಲ.

"ಎರಡು," ಎಂದ ಬೆರಿಶ್, ಕಣ್ಣು ಮುಚ್ಚಿಕೊಂಡೇ. "ಎರಡು ಚೀಲ ಅಂದಿದ್ದೆ."

"ಎರಡು. ಕಣ್ಣು ಮಂಜಾಗಿದೆ."

"ಭಾನುವಾರ ಪೆಟ್ಟಿಗೆಯಲ್ಲಿ ಕೂತು ಹೀಗೆ ಮಾಡಿದ್ರೆ ಸತ್ತೆ ನಾನು. ಕನ್ನಡಕ ಒರೆಸ್ಕೋ."

ಮರುದಿನ ಮಧ್ಯಾಹ್ನ ಅವನು ಕೆಲಸದಲ್ಲಿದ್ದಾಗ, ಇಲ್ಲದ ಆ ಕಾಗದವನ್ನು ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಳು. ಮತ್ತೆ ಕೇಳಿದರೆ ಪದ ತಪ್ಪಬಾರದಲ್ಲ. ಬರೆಯುತ್ತಿದ್ದಾಗ ಪೆರ್ಲಾ ಶಾಲೆಯಿಂದ ಬಂದು ಹಿಂದೆ ನಿಂತಳು. ಹುಡುಗಿ ನಾಟಕದಲ್ಲಿ ಮೂರನೇ ಮಗಳ ಪಾತ್ರ ಮಾಡುತ್ತಿದ್ದಳು.

"ಅಮ್ಮ, ಚಿಕ್ಕಪ್ಪ ಸತ್ತೋಗಿದ್ದಾರಂತೆ, ಹೌದಾ? ವಾಚನಾಲಯದ ಹತ್ರ ಎಲ್ರೂ ಗುಸುಗುಸು ಅಂತಿದ್ರು. ನಾನು ಹೋದ್ರೆ ಸುಮ್ಮನಾದ್ರು."

"ಹೌದು."

"ಅಪ್ಪಂಗೆ?"

"ಗೊತ್ತಿಲ್ಲ. ಗುರುವಾರ ಹೇಳ್ತೀನಿ."

ಹುಡುಗಿ ಬಗ್ಗಿ ಶೂ ಲೇಸು ಬಿಚ್ಚಿದಳು. "ನನ್ನ ಮುಖ ನೋಡಿದ್ರೆ ಅಪ್ಪಂಗೆ ಗೊತ್ತಾಗುತ್ತೆ."

"ಹಾಗಾದ್ರೆ ಮುಖಕ್ಕೆ ಮುಖ ಕೊಡ್ಬೇಡ."

ಹೀಗೆ ಹೇಳಿಕೊಟ್ಟದ್ದೂ ಅವಳೇ. ಶುಕ್ರವಾರ, ಶನಿವಾರ ಬೆರಿಶ್ ಮನೆಯಲ್ಲಿ ಹಾಡುತ್ತಲೇ ಇದ್ದ. ವಾರದ ಪವಿತ್ರ ದಿನವಾದ ಸಬ್ಬತ್ತಿನ ಊಟಕ್ಕೆ ಕೂತು ಹೆಂಡದಂಗಡಿ ಯಜಮಾನನ ದನಿಯಲ್ಲಿ ಬ್ರೆಡ್ ಕೇಳಿದ. ತಾಯಿ ಮಗಳು ಇಬ್ಬರೂ ತಟ್ಟೆ ನೋಡಿಕೊಂಡು ನಕ್ಕರು. ಬೀದಿಯಲ್ಲಿ ಜನ ಅವನನ್ನು ಕಂಡರೆ ಬೆನ್ನು ತಟ್ಟಿ ಬೇಗ ಬೇಗ ಹೋಗಿಬಿಡುತ್ತಿದ್ದರು. "ನೋಡಿದ್ಯಾ, ಎಷ್ಟು ಮರ್ಯಾದೆ," ಎಂದ ಅವನು.

ಭಾನುವಾರ ನೆರಳಿನಲ್ಲೇ ಮೂವತ್ತನಾಲ್ಕು ಡಿಗ್ರಿ. ಪ್ರಾಂಪ್ಟರ್ ಪೆಟ್ಟಿಗೆ ತೊಂಬತ್ತು ಸೆಂಟಿಮೀಟರ್ ಅಗಲ, ಎಪ್ಪತ್ತು ಆಳ. ವೇದಿಕೆಯ ನೆಲದಿಂದ ಮೇಲೆ ಕಾಣುವುದು ಅವಳ ಹಣೆ ಮತ್ತು ಕಣ್ಣು ಮಾತ್ರ, ಅದೂ ನಟರಿಗೆ. ಬಾಗಿಲನ್ನು ಹೊರಗಿನಿಂದ ಹಾಕುತ್ತಾರೆ, ಬೆಳಕು ಸೋರಬಾರದೆಂದು. ಅಂಕ ಮುಗಿಯುವವರೆಗೆ ಹೊರಬರುವಂತಿಲ್ಲ. ಒದ್ದೆ ಬಟ್ಟೆ ಕತ್ತಿಗೆ ಸುತ್ತಿಕೊಂಡು ಅವಳು ಪುಸ್ತಕ ತೆರೆದಳು.

ಮೊದಲ ಅಂಕದಲ್ಲಿ ಬೆರಿಶ್‌ಗೆ ಒಂದು ಪದವೂ ಹೇಳಿಕೊಡಬೇಕಾಗಲಿಲ್ಲ. ಸಭೆಯಲ್ಲಿ ಇನ್ನೂರ ಎಂಬತ್ತು ಜನ; ಅವನು ಟೋಪಿ ಹಿಂದಕ್ಕೆ ತಳ್ಳಿದರೆ ಸಾಕು, ನಗುತ್ತಿದ್ದರು. ಅಷ್ಟು ಜನರನ್ನು ಅವನು ಕೈಯಲ್ಲಿ ಹಿಡಿದು ಆಡಿಸುವುದನ್ನು ನೋಡುತ್ತ, ಮಾಡಿದ್ದು ಸರಿ ಎಂದು ಅವಳಿಗೆ ಹತ್ತು ನಿಮಿಷ ಅನಿಸಿತು.

ಎರಡನೇ ಅಂಕದಲ್ಲಿ ಹಿರಿಮಗಳ ನಿಶ್ಚಿತಾರ್ಥ. ಯಜಮಾನ ಲೋಟ ಎತ್ತಿ ಒಂದು ವಾಕ್ಯ ಹೇಳಿ ಕುಡಿಯಬೇಕು. ಬೆರಿಶ್ ವಾಕ್ಯ ಹೇಳಿದ, ಜನ ನಕ್ಕರು. ಆ ನಗುವಿಗೆ ಉಬ್ಬಿ, ಪುಸ್ತಕದಲ್ಲಿಲ್ಲದ್ದನ್ನು ಸೇರಿಸಿದ.

"ಈ ಮದುವೆಗೆ ನನ್ನ ತಮ್ಮ ಬರಲಿಲ್ಲ! ಯಾಕೆ ಗೊತ್ತಾ? ಎರಡು ಚೀಲ ಆಲೂಗಡ್ಡೆ ಕಾಯ್ತಾ ಕೂತಿದ್ದಾನೆ! ಹಸು ಹಾಲು ಕೊಡ್ತಿಲ್ಲ ಅಂತ ಅದರ ಜೊತೆ ಜಗಳ ಆಡ್ತಿದ್ದಾನೆ! ಏಳ್ರಪ್ಪ, ನನ್ನ ತಮ್ಮನ ಹೆಸರಲ್ಲಿ ಕುಡೀರಿ. ನೂರಿಪ್ಪತ್ತು ವರ್ಷ ಬಾಳ್ಲಿ!"

ಬಲಗಡೆ ಕೂತಿದ್ದ ಬೇರೆ ಊರಿನವರು ನಕ್ಕರು. ಎಡಗಡೆ ಕೂತಿದ್ದವರು ಅವನ ಊರಿನವರು. ಅಲ್ಲಿಂದ ಉಸಿರು ಕೂಡ ಕೇಳಲಿಲ್ಲ. ಯಾರೋ ಹೆಂಗಸೊಬ್ಬಳು "ಅಯ್ಯೋ" ಅಂದಳು. ವೇದಿಕೆಯ ಮೇಲೆ ಮದುಮಗನಾಗಿ ನಿಂತವನು ಲೋಟವನ್ನು ಮೇಜಿನ ಮೇಲಿಟ್ಟ. ಪೆರ್ಲಾ ಬೆನ್ನು ತಿರುಗಿಸಿ ನಿಂತಳು. ಮುಂದಿನ ಮಾತು ಬೀಗನಾಗಿದ್ದವನದು, ಅವನು ಬಾಯಿ ತೆರೆದು ಹಾಗೇ ಉಳಿದ. ವೇದಿಕೆಯ ಮೇಲಿದ್ದ ಉಳಿದವರೆಲ್ಲ ಕೆಳಗೆ ಪೆಟ್ಟಿಗೆಯತ್ತ ನೋಡಿದರು.

ಡ್ವೋಶಾಳ ಬೆರಳು ಸಾಲಿನ ಮೇಲಿತ್ತು.  ಅಲ್ಲಿಂದ ಎದ್ದು ಹೋಗಲು ಆಗುತ್ತಿರಲಿಲ್ಲ, ಬಾಗಿಲು ಹೊರಗಿನಿಂದ ಹಾಕಿತ್ತು. ಅವಳು ಸಾಲನ್ನು ಓದಿದಳು: "ಬೀಗರೇ, ನಿಮ್ಮ ಹೆಂಡದಲ್ಲಿ ನೀರೆಷ್ಟು?" ಬೀಗ ಅದನ್ನೇ ಗಿಳಿಯ ಹಾಗೆ ಒಪ್ಪಿಸಿದ. ನಾಟಕ ಮುಂದೆ ಸಾಗಿತು.

ಮನೆಗೆ ನಡೆದು ಬರುವಾಗ ಬೆರಿಶ್ ಕೇಳಿದ: "ಎರಡನೇ ಅಂಕದಲ್ಲಿ ಎಡಗಡೆಯೋರು ಯಾಕೆ ನಗಲಿಲ್ಲ?"

"ಸೆಖೆ," ಎಂದಳು ಡ್ವೋಶಾ.

"ಸೆಖೆ ಬಲಗಡೆಗೂ ಇತ್ತು."

ಗುರುವಾರ, ಹತ್ತನೇ ತಾರೀಖು, ಏಳೂ ಕಾಲು. ಎಂಟು ದಿನದ ದೀಪದ ಹಬ್ಬ ಹನುಕ್ಕಾದ ಮೂರನೇ ದೀಪಕ್ಕೆ ಅಂಗಳದಲ್ಲಿ ಮಕ್ಕಳು ಬತ್ತಿ ಜೋಡಿಸುತ್ತಿದ್ದರು. ಡ್ವೋಶಾ ಪೆರ್ಲಾಳನ್ನು ಪಕ್ಕದ ಮನೆಗೆ ಕಳಿಸಿ, ಮತ್ತೊಂದು ಕಾಗದ ಬಂದಿದೆ ಎಂದಳು. ಬೆರಿಶ್ ಚಹಾ ಬಗ್ಗಿಸಿಕೊಂಡು ಕಣ್ಣು ಮುಚ್ಚಿದ.

ಅವಳು ಓದಿದಳು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಂಗಳವಾರ, ಜಿಲ್ಲಾ ಆಸ್ಪತ್ರೆ, ಒಂಬತ್ತು ದಿನ, ಹಿಮ, ಗಾಡಿ, ಶುಕ್ರವಾರ, ಮಗು. ಪ್ರಾಂಪ್ಟರ್‌ನ ಏರಿಳಿತವಿಲ್ಲದ ದನಿಯಲ್ಲಿ ಕೊನೆಯವರೆಗೂ ಓದಿ ನಿಲ್ಲಿಸಿದಳು. ಬೆರಿಶ್ ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿಂದ ನೀರು ಇಳಿದು ಮೀಸೆಗೆ ಸೇರಿತು.

"ಇನ್ನೊಂದ್ಸಲ."

ಮತ್ತೆ ಓದಿದಳು.

ಅವನು ಎದ್ದು, ಪಾದರಕ್ಷೆ ಕಳಚಿ, ಬಟ್ಟೆ ಒಗೆಯುವ ತಗ್ಗು ಮಣೆಯನ್ನು ಎಳೆದುಕೊಂಡು ಕೂತ. ಡ್ವೋಶಾ ಅವನ ತಲೆಯ ಮೇಲೆ ಕೈಯಿಟ್ಟಳು. ಸಮಾಧಾನ ಹೇಳಬೇಕಿತ್ತು. ಬಾಯಿಗೆ ಬಂದದ್ದು ಏಳು ದಿನದಿಂದ ಸಿದ್ಧವಾಗಿದ್ದ ಮಾತು:

"ಒಂದು ಗಂಟೆ ಕೂತ್ರೆ ಸಾಕು ಬೆರಿಶ್. ಮೂವತ್ತು ದಿನ ದಾಟಿದೆ."

ಅವನು ತಲೆ ಎತ್ತಿದ. "ಯಾರು ಎಣಿಸಿದ್ದು?"

ಅವಳು ಕೈ ತೆಗೆದಳು.

"ಈಗ ತಾನೆ ಓದಿದೆ. ಯಾವಾಗ ಎಣಿಸಿದೆ?"

ಅಂಗಳದಲ್ಲಿ ಮಕ್ಕಳು ಹಾಡುತ್ತಿದ್ದರು. ಬೆರಿಶ್ ಬೆರಳು ಮಡಿಸತೊಡಗಿದ. ಅಂಕಿ ಅವನಿಗೆ ಚೆನ್ನಾಗಿ ಬರುತ್ತಿತ್ತು. "ಹತ್ತನೇ ತಾರೀಖಿಂದ ಎಣಿಸಿದ್ದೀಯ. ವರ್ಷದ ನೆನಪಿನ ದೀಪಕ್ಕೆ ಲೆಕ್ಕ ಸತ್ತ ದಿನದಿಂದ. ಮೂವತ್ತಕ್ಕೆ ಮಣ್ಣಾದ ದಿನದಿಂದ. ನಮ್ಮಪ್ಪ ಹೋದಾಗ ಎಣಿಸಿದೋನು ನಾನೇ. ಶುಕ್ರವಾರ ಮಣ್ಣು ಮಾಡಿದ್ವಿ ಅಂತ ಎರಡು ಸಲ ಓದಿದೆ. ಅದು ಹದಿಮೂರು. ಇವತ್ತಿಗೆ ಇಪ್ಪತ್ತೆಂಟು."

ಇಪ್ಪತ್ತೆಂಟು. ಗೆನ್ಯಾಳ ಎರಡನೇ ಹಾಳೆ ಅವಳ ಕೈಯಲ್ಲೇ ಇತ್ತು. ಆ ಸಾಲನ್ನು ಅವಳು ಎಷ್ಟು ಸಲ ಕಂಡಿದ್ದಳೋ ಲೆಕ್ಕವಿಲ್ಲ. ಲೆಕ್ಕಕ್ಕೆ ಮಾತ್ರ ತೆಗೆದುಕೊಂಡಿರಲಿಲ್ಲ.

"ಹೋದ ಗುರುವಾರ ಬಂದದ್ದು?"

"ಇದೇ ಕಾಗದ."

"ಆಲೂಗಡ್ಡೆ?"

"ನಾನು ಕಟ್ಟಿದ್ದು."

ಅವನು ಬಹಳ ಹೊತ್ತು ಅವಳ ಕೈಯಲ್ಲಿದ್ದ ಹಾಳೆಗಳನ್ನೇ ನೋಡಿದ, ಅದರಲ್ಲಿ ಏನಿದೆಯೆಂದು ತಾನೇ ಕಂಡುಕೊಳ್ಳಬಲ್ಲವನ ಹಾಗೆ. ಆಮೇಲೆ ಹೇಳಿದ: "ಅದಕ್ಕೇ ಎಡಗಡೆಯೋರು ನಗಲಿಲ್ಲ."

"ಬೆರಿಶ್, ನೀನು ಆ ಪಾತ್ರಕ್ಕೆ ಐದು ತಿಂಗಳು..."

"ಕತ್ತರಿ ತಗೊಂಬಾ."

ತಂದಳು. ಸತ್ತವರಿಗಾಗಿ ಹರಿಯುವ ಶಾಸ್ತ್ರಕ್ಕೆ ಅಂಗಿಯ ಬಲಗಡೆ ಕೊರಳಪಟ್ಟಿಯನ್ನು ಅವನು ಮುಂದೊಡ್ಡಿದ. ಅವಳು ಮೂರು ಬೆರಳಗಲ ಕತ್ತರಿಸಿದಳು, ಮಿಕ್ಕದ್ದನ್ನು ಅವನೇ ಹರಿದ. ದುಃಖಕ್ಕೆ ಕೂರುವುದು ಏಳು ದಿನ ಎಂದ. ಆ ಏಳು ದಿನವೂ ಕನ್ನಡಿಗೆ ಬಟ್ಟೆ ಮುಚ್ಚಿತ್ತು.

ಬಂದವರೆಲ್ಲ ಸಂಘದವರು. ಒಬ್ಬರೂ ಯಾವಾಗ ಆಯ್ತು, ಹೇಗೆ ಆಯ್ತು ಎಂದು ಕೇಳಲಿಲ್ಲ. ಬೆರಿಶ್ ಅದನ್ನೂ ಗಮನಿಸುತ್ತಿದ್ದ. ಮೂರನೇ ದಿನ ರೆಬ್ ಯೋನಾ ಬಂದು, ಮಣ್ಣಾದ ತಾರೀಖು ಕೇಳದೇ ಹೋದೆನೆಂದು ಅತ್ತರು. "ನಿಮ್ಮ ತಪ್ಪಲ್ಲ ರೆಬ್ ಯೋನಾ," ಎಂದ ಬೆರಿಶ್. "ನೀವು ನನಗೆ ಓದಿ ಹೇಳಿದೋರಲ್ಲ." ಮುದುಕರಿಗೆ ಅದರ ಅರ್ಥವಾಗಲಿಲ್ಲ. ಚಹಾ ತರುತ್ತಿದ್ದ ಡ್ವೋಶಾಗೆ ಆಯಿತು.

ಎಂಟನೇ ದಿನದಿಂದ ಮತ್ತೆ ಏಳು ಕಿಲೋ ಇಸ್ತ್ರಿ. ಅವನು ಕೂಗಾಡಲಿಲ್ಲ. ಗೋಡೆಗೆ ಮುಖ ಮಾಡಿಯೂ ಮಲಗಲಿಲ್ಲ. ಊಟಕ್ಕೆ ಕೂತರೆ ಉಪ್ಪು ಕೊಡು ಎನ್ನುತ್ತಿದ್ದ, ಉಪ್ಪು ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ಮಾರ್ಚ್ ತಿಂಗಳ ನಾಟಕಕ್ಕೆ ಡಾನ್ ಲೇಮೆಲ್ ಅವನಿಗೆ ಇನ್ನೊಂದು ಪಾತ್ರ ಕೊಟ್ಟರು. ಬೆರಿಶ್ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು, "ಓದು" ಎಂದ. ಅವಳು ಓದಿದಳು, ಅವನು ಕಣ್ಣು ಮುಚ್ಚದೆ ಕೇಳಿದ. ಅವಳ ತುಟಿಗಳನ್ನೇ ನೋಡುತ್ತ ಕೇಳಿದ. ಪಾತ್ರ ಓದಿ ಹೇಳಲು ಅವನಿಗೆ ಬೇರೆ ಯಾರೂ ಇರಲಿಲ್ಲ, ಪೆಟ್ಟಿಗೆಯಲ್ಲಿ ಕೂರಲು ಸಂಘಕ್ಕೂ ಇರಲಿಲ್ಲ. ನಾಟಕವೆಂದರೆ ಹೇಗೂ ಯಾರೋ ಕಟ್ಟಿದ ಮಾತು. ಅದನ್ನು ಅವಳ ಬಾಯಿಂದ ತೆಗೆದುಕೊಳ್ಳುವುದಕ್ಕೆ ಅವನದೇನೂ ಅಡ್ಡಿಯಿರಲಿಲ್ಲ.

ಜನವರಿ ಹತ್ತೊಂಬತ್ತರಂದು ಗೆನ್ಯಾಳ ಎರಡನೇ ಕಾಗದ ಬಂತು. ಡ್ವೋಶಾ ಲಕೋಟೆಯನ್ನು ಒಡೆಯದೆ ಮೇಜಿನ ನಡುವೆ ಇಟ್ಟಿದ್ದಳು. ಬೆರಿಶ್ ಬಂದ, ಅದನ್ನು ನೋಡಿದ, ಕುರ್ಚಿ ಎಳೆದು ಕೂರಲಿಲ್ಲ.

"ಓದ್ಲಾ?" ಎಂದಳು. "ಇದ್ದದ್ದು ಇದ್ದ ಹಾಗೇ ಓದ್ತೀನಿ."

"ಗೊತ್ತು," ಎಂದ. ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಹೊರಟ.

ಅವಳು ಹೆಬ್ಬಾಗಿಲವರೆಗೆ ಹಿಂದೆಯೇ ಹೋದಳು. ಅವನು ತಿರುಗಿ ನೋಡದೆ ನೇರವಾಗಿ ಡಾನ್ ಲೇಮೆಲ್ ಅವರ ಔಷಧಿ ಅಂಗಡಿಗೆ ನಡೆದ. ಅಲ್ಲಿ ಆಗ ಐದು ಜನ ಗಿರಾಕಿಗಳಿದ್ದರು, ಅದರಲ್ಲಿ ಇಬ್ಬರು ಸಂಘದವರು. ಅವರೆಲ್ಲರ ಎದುರಿಗೆ ಲಕೋಟೆಯನ್ನು ಗಾಜಿನ ಕೌಂಟರಿನ ಮೇಲಿಟ್ಟು, "ಡಾನ್ ಲೇಮೆಲ್, ನನಗೆ ಓದೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ಇದನ್ನ ಓದಿ. ಎರಡು ಸಲ ಓದಿ," ಎಂದನಂತೆ. ಇದನ್ನು ಡ್ವೋಶಾಗೆ ಮಾರನೆಯ ದಿನ ಹೇಳಿದವರು ಲೇಮೆಲ್ ಅವರ ಹೆಂಡತಿ. ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲವಂತೆ.

ಆಮೇಲೆ ಬಂದ ಕಾಗದಗಳೆಲ್ಲ ಆ ದಾರಿಯಲ್ಲೇ ಹೋದವು. ಒಂದು ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದಾಗ, ಡ್ವೋಶಾ ವಠಾರದ ಹೆಬ್ಬಾಗಿಲಿಂದ ಔಷಧಿ ಅಂಗಡಿಯ ಮೆಟ್ಟಿಲವರೆಗೆ ಹೆಜ್ಜೆ ಎಣಿಸುತ್ತ ಹೋಗಿ ಬಂದಳು. ಇನ್ನೂರ ಮೂರು ಹೆಜ್ಜೆ, ಒಂದೊಂದು ಎಪ್ಪತ್ತು ಸೆಂಟಿಮೀಟರ್. ಒಟ್ಟು ನೂರ ನಲವತ್ತೆರಡು ಮೀಟರ್.